ಕಲ್ಲಿನ ಇಳಿಜಾರಿಗೆ ಎಂಟಿಬಿ (ಮೌಂಟನ್ ಬೈಕ್) ಫ್ರೇಮ್: ಬೀದರ್, ಕಲಬುರಗಿ, ಯಾದಗಿರಿ ಕಡೆ ಯಾವುದು ನಡೆಯುತ್ತದೆ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಮುಂದೆ ಓದಿ ಜಗಳ ಮಾಡಬಹುದು. ನಮ್ಮ ಕಡೆ ಕಲ್ಲಿನ ಇಳಿಜಾರು ಇಳಿಯಲು ಮೊದಲ ಸಲ ಒಳ್ಳೆಯ ಸೈಕಲ್ ತಗೊಳ್ಳುವವರಿಗೆ ಹಾರ್ಡ್‌ಟೇಲ್ ಸಾಕು. ಅಂದರೆ ಮುಂದೆ ಫೋರ್ಕ್‌ನಲ್ಲಿ ಮಾತ್ರ ಸಸ್ಪೆನ್ಶನ್, ಹಿಂದೆ ಬರೀ ಫ್ರೇಮ್. ಆದರೆ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಹಾರ್ಡ್‌ಟೇಲ್ ಅಲ್ಲ. ಫೋರ್ಕ್ ಚೆನ್ನಾಗಿ ಮುಂದಕ್ಕೆ ಚಾಚಿರಬೇಕು, ಹಿಂದಿನ ಚಕ್ರಕ್ಕೆ ಥ್ರೂ ಆಕ್ಸಲ್ (ಫ್ರೇಮ್‌ನ ತೂತಿನೊಳಗೆ ಹಾದು ತಿರುಪಿನಿಂದ ಬಿಗಿಯುವ ದಪ್ಪ ಅಚ್ಚು) ಇರಬೇಕು, ಟೈರ್ ಸುತ್ತ ಜಾಗ ಇರಬೇಕು. ಹಿಂದೆಯೂ ಸಸ್ಪೆನ್ಶನ್ ಇರುವ ಫುಲ್ ಸಸ್ಪೆನ್ಶನ್ ಯಾರಿಗೆ, ಯಾವಾಗ ಅಂತ ಆಮೇಲೆ ಬರುತ್ತದೆ.

ಫ್ರೇಮ್ ಬಗ್ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, ಉಳಿದದ್ದೆಲ್ಲ ಆಮೇಲೆ ಬದಲಾಯಿಸಬಹುದು. ಟೈರ್ ಈ ತಿಂಗಳು, ಬ್ರೇಕ್ ಮುಂದಿನ ದೀಪಾವಳಿಗೆ, ಫೋರ್ಕ್ ಬೋನಸ್ ಬಂದಾಗ. ಹೆಡ್ ಟ್ಯೂಬ್‌ನ (ಹ್ಯಾಂಡಲ್ ಕೆಳಗೆ ಫೋರ್ಕ್ ಕೂರುವ ಕೊಳವೆ) ಅಳತೆ, ಅದರ ಓರೆ, ಹಿಂದಿನ ಆಕ್ಸಲ್‌ನ ಅಗಲ ಇವೆಲ್ಲ ವೆಲ್ಡ್ ಆಗುವ ಹೊತ್ತಿಗೇ ತೀರ್ಮಾನ ಆಗಿರುತ್ತವೆ.

ಮೊದಲು ನೆಲ ನೋಡಿ

ಡೌನ್‌ಹಿಲ್ ಸೈಕಲ್‌ಗಳ ವಿಡಿಯೋ ನೋಡಿ ಫ್ರೇಮ್ ಆರಿಸಬೇಡಿ. ಸ್ಕಾಟ್ಲೆಂಡ್‌ನ ಫೋರ್ಟ್ ವಿಲಿಯಂ ವಿಶ್ವಕಪ್ ಟ್ರ್ಯಾಕ್ ಸುಮಾರು 2.8 ಕಿ.ಮೀ. ಉದ್ದದಲ್ಲಿ 550 ಮೀಟರ್‌ಗೂ ಜಾಸ್ತಿ ಇಳಿಯುತ್ತದೆ, ಮೇಲೆ ಹೋಗಲು ಕೇಬಲ್ ಕಾರ್ ಇದೆ. ನಮ್ಮ ಕಡೆ ಇಳಿಜಾರು ಚಿಕ್ಕದು, ಒರಟು, ಎರಡು ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಲ್ಲಿಗೆ ಹೋಗಬೇಕಾದರೆ ಬಿಸಿಲಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಸಪಾಟ ರಸ್ತೆ ತುಳಿಯಬೇಕು, ವಾಪಸ್ ಕೂಡ. ಈ ಲೆಕ್ಕ ಮರೆತು ತಗೊಂಡ ಸೈಕಲ್ ಮನೆಯ ಜಿನೆ ಕೆಳಗೆ ಧೂಳು ತಿನ್ನುತ್ತದೆ.

ಇನ್ನೊಂದು ವಿಷಯ, ಮೂರೂ ಜಿಲ್ಲೆಯ ನೆಲ ಒಂದೇ ಅಲ್ಲ.

ಬೀದರ್ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆಯ ಕಂದಕವನ್ನೇ ಆ ಕೆಂಪು ಕಲ್ಲಿನಲ್ಲಿ ಕಡಿದಿದ್ದಾರೆ. ಊರು ದಾಟಿ ಪಾಪನಾಶದ ಕಡೆ ಪ್ರಸ್ಥಭೂಮಿಯ ಅಂಚು ಇಳಿಯುವಲ್ಲಿ ನೋಡಿ: ಕೆಳಗೆ ತೂತು ತೂತಾದ ಗಟ್ಟಿ ಕಲ್ಲು, ಅದರ ಮೇಲೆ ಜೋಳ ಚೆಲ್ಲಿದ ಹಾಗೆ ಕೆಂಪು ಗರಸು. ದೊಡ್ಡ ಏಟು ಬೀಳುವುದು ಕಡಿಮೆ. ಆದರೆ ಸಣ್ಣ ಸಣ್ಣ ಕುಲುಕಾಟ ನಿಲ್ಲುವುದೇ ಇಲ್ಲ, ಅಂಗೈ ಜುಮ್ಮೆನ್ನುತ್ತದೆ, ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಇಲ್ಲಿ ಬೇಕಾದದ್ದು ಅಗಲ ಟೈರ್ ಹಿಡಿಸುವ, ಉದ್ದ ವೀಲ್‌ಬೇಸ್‌ನ (ಎರಡು ಚಕ್ರಗಳ ನಡುವಿನ ಅಂತರ) ನಿರಾಳ ಫ್ರೇಮ್. 120ರಿಂದ 130 ಮಿ.ಮೀ. ಕುಗ್ಗುವ ಫೋರ್ಕ್ ಧಾರಾಳ.

ಕಲಬುರಗಿಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು. ನಮ್ಮೆಲ್ಲರ ಮನೆಯ ನೆಲಕ್ಕೆ ಹಾಸಿರುವ ಪರಸಿ ಅದೇ. ಅದು ಪದರ ಪದರವಾಗಿ ಒಡೆಯುವ ಕಲ್ಲು, ಆದ್ದರಿಂದ ಇಳಿಜಾರಿನಲ್ಲಿ ಮೆಟ್ಟಿಲಾಗಿ ನಿಲ್ಲುತ್ತದೆ. ಗೇಣುದ್ದ, ಕೆಲವು ಕಡೆ ಮೊಳಕಾಲುದ್ದ, ಅಂಚು ಚೂಪು. ಚಕ್ರಕ್ಕೆ ನೇರವಾಗಿ ಅಡ್ಡ ಬರುವ ಇಂಥ ಅಂಚುಗಳೇ ಹಾರ್ಡ್‌ಟೇಲ್‌ಗೆ ನಿಜವಾದ ವೈರಿ, ರಿಮ್ಮಿಗೂ ಕೂಡ. ಹಳೇ ಕಲ್ಲು ಖಣಿಗಳ ಒಳಗೆ ಮಾತ್ರ ಇಳಿಯಬೇಡಿ. ಅಂಚು ಕಡಿದಾಗಿರುತ್ತದೆ, ಮಳೆಗಾಲದಲ್ಲಿ ನೀರು ತುಂಬಿ ಆಳವೇ ಗೊತ್ತಾಗುವುದಿಲ್ಲ.

ಯಾದಗಿರಿಯ ಕಥೆ ಬೇರೆ. ಅಲ್ಲಿ ಗ್ರಾನೈಟ್. ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡಿದವರಿಗೆ ಹೇಳಬೇಕಿಲ್ಲ, ಸುರಪುರದ ಸುತ್ತಮುತ್ತಲೂ ಹಾಗೇ. ದುಂಡು ಬಂಡೆ, ನಡುವೆ ಇಕ್ಕಟ್ಟಾದ ದಾರಿ, ಕಡಿದಾದ ಇಳುಕು. ವೇಗ ಬರುವುದೇ ಇಲ್ಲ, ಎಲ್ಲ ಸಮತೋಲನದ ಆಟ. ಒಣ ಗ್ರಾನೈಟ್ ಮೇಲೆ ಟೈರ್ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ನೆಟ್ಟಗಿನ ಬಂಡೆಯನ್ನೂ ಇಳಿಯುವ ಧೈರ್ಯ ಬರುತ್ತದೆ. ಅಲ್ಲಿ ಫೋರ್ಕ್ ಮುಂದಕ್ಕೆ ಚಾಚಿರುವುದು, ಟಾಪ್ ಟ್ಯೂಬ್ (ಸೀಟಿನಿಂದ ಹ್ಯಾಂಡಲ್ ಕಡೆ ಹೋಗುವ ಮೇಲಿನ ಕೊಳವೆ) ತಗ್ಗಾಗಿರುವುದು, ಸೀಟು ಪೂರ್ತಿ ಕೆಳಗೆ ಇಳಿಯುವುದು, ಈ ಮೂರೇ ಮುಖ್ಯ. ಹಿಂದಿನ ಸಸ್ಪೆನ್ಶನ್ ಎಷ್ಟು ಅನ್ನುವುದು ಆಮೇಲಿನ ಮಾತು.

(ಕೋಟೆಗಳ ಒಳಗೆ ಸೈಕಲ್ ಇಳಿಸುವ ಯೋಚನೆ ಬೇಡ, ಅವು ಸಂರಕ್ಷಿತ ಸ್ಮಾರಕಗಳು. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯನ್ನು ಕೇಳದೆ ಒಳಗೆ ಹೋಗಬೇಡಿ.)

ಅಗ್ಗದ ಡಬಲ್ ಸಸ್ಪೆನ್ಶನ್

ಗೇರ್ ಸೈಕಲ್ ಅಂಗಡಿಗೆ ಹೋಗಿ ಬೆಟ್ಟ ಇಳಿಯಲು ಸೈಕಲ್ ಬೇಕು ಅಂದರೆ ಮೊದಲು ತೋರಿಸುವುದು ಇದನ್ನೇ. "ಡಬಲ್ ಶಾಕಪ್ ಅದರಿ ಸರ್ರ, ಎಲ್ಲಿ ಬೇಕಾದ್ರೂ ಹೋಗ್ತದ." ಹದಿನೈದು ಸಾವಿರಕ್ಕೆ ಹಿಂದೆ ಕೆಂಪು ಸ್ಪ್ರಿಂಗ್, ದಪ್ಪ ಕಬ್ಬಿಣದ ಫ್ರೇಮ್. ಆ ಸ್ಪ್ರಿಂಗ್‌ನಲ್ಲಿ ಡ್ಯಾಂಪಿಂಗ್ ಇರುವುದಿಲ್ಲ. ಅಂದರೆ ಒತ್ತಿದ ಸ್ಪ್ರಿಂಗ್ ನಿಧಾನಕ್ಕೆ ವಾಪಸ್ ಬರುವಂತೆ ತಡೆಯುವ ಎಣ್ಣೆಯ ವ್ಯವಸ್ಥೆಯೇ ಇಲ್ಲ. ಕಲ್ಲು ಹತ್ತಿ ಇಳಿಯುವಾಗ ಅದು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಪಿವಟ್‌ಗಳಲ್ಲಿ (ಹಿಂದಿನ ಫ್ರೇಮ್ ಆಡುವ ಕೀಲುಗಳು) ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ ಇರುತ್ತದೆ, ಒಂದು ಬೇಸಿಗೆಗೆ ಅಲುಗಾಡಲು ಶುರು. ಇದೇ ದುಡ್ಡಿಗೆ ಸಿಗುವ ಸಾದಾ ಹಾರ್ಡ್‌ಟೇಲ್ ನೂರು ಪಾಲು ವಾಸಿ. ಡ್ಯಾಂಪರ್ ಇರುವ ಶಾಕ್, ಬೇರಿಂಗ್ ಇರುವ ಪಿವಟ್, ಎರಡೂ ಸರಿ ಇರುವ ಹೊಸ ಫುಲ್ ಸಸ್ಪೆನ್ಶನ್ ಸೈಕಲ್ ಲಕ್ಷ ದಾಟದೆ ಸಿಗುವುದು ಕಷ್ಟ. ಅಷ್ಟು ದುಡ್ಡು ಇಲ್ಲ ಅಂದರೆ ಆ ಆಸೆ ಸದ್ಯಕ್ಕೆ ಬದಿಗಿಡಿ, ಸುಮ್ನೆ ನಡುವಿನದ್ದಕ್ಕೆ ಕೈ ಹಾಕಬೇಡಿ.

ಎಷ್ಟು ಟ್ರಾವೆಲ್, ಯಾವ ಜಾತಿ

ಹಿಂದಿನ ಚಕ್ರ ಎಷ್ಟು ಮಿ.ಮೀ. ಮೇಲಕ್ಕೆ ಸರಿಯಬಲ್ಲದು (ಅದೇ ಟ್ರಾವೆಲ್) ಅನ್ನುವುದರ ಮೇಲೆ ಫುಲ್ ಸಸ್ಪೆನ್ಶನ್ ಫ್ರೇಮ್‌ಗಳನ್ನು ವಿಂಗಡಿಸುತ್ತಾರೆ. 100ರಿಂದ 120 ಇದ್ದರೆ ಕ್ರಾಸ್ ಕಂಟ್ರಿ, 120ರಿಂದ 150 ಟ್ರೈಲ್, 150ರಿಂದ 180 ಎಂಡ್ಯೂರೋ, ಅದಕ್ಕೂ ಮೇಲೆ 200ರ ಆಸುಪಾಸು ಡೌನ್‌ಹಿಲ್. ಗಡಿಗಳು ಅಷ್ಟು ಬಿಗಿ ಅಲ್ಲ, ಕಂಪನಿಯಿಂದ ಕಂಪನಿಗೆ ಹೆಸರು ಬದಲಾಗುತ್ತದೆ.

ಡೌನ್‌ಹಿಲ್ ಫ್ರೇಮ್ ನಮಗೆ ಬೇಡ. ಇಡೀ ಸೈಕಲ್ ತೂಕ 16-18 ಕಿಲೋ, ಸೀಟು ಎತ್ತರಿಸಲು ಬರುವುದಿಲ್ಲ, ಕೂತು ತುಳಿಯುವುದಕ್ಕೆ ಮಾಡಿದ್ದೇ ಅಲ್ಲ. ಎಂಡ್ಯೂರೋ ಕೂಡ ನಮ್ಮ ಕಡೆ ಜಾಸ್ತಿಯೇ. ವರ್ಷಕ್ಕೊಮ್ಮೆ ಮನಾಲಿ ಕಡೆ ಹೋಗಿ ಇಳಿಯುವವರಾದರೆ ಅದು ಬೇರೆ. ಸೇಡಂ ಕಡೆಯ ಪರಸಿ ಮೆಟ್ಟಿಲುಗಳನ್ನು ವಾರವಾರ ಇಳಿಯುವವರಿಗೆ 130-140ರ ಟ್ರೈಲ್ ಫ್ರೇಮ್ ನಿಜಕ್ಕೂ ದುಡ್ಡಿಗೆ ಬೆಲೆ ಕೊಡುತ್ತದೆ. ಸೊಂಟದ ನೋವು ಇದ್ದವರಿಗೂ, ನಲವತ್ತು ದಾಟಿದವರಿಗೂ ಅದೇ ಹೇಳುತ್ತೇನೆ.

ಹೆಡ್ ಆಂಗಲ್: ಎಲ್ಲಕ್ಕಿಂತ ಮೊದಲು ಇದನ್ನು ಕೇಳಿ

ಹೆಡ್ ಟ್ಯೂಬ್ ನೆಲಕ್ಕೆ ಎಷ್ಟು ಡಿಗ್ರಿ ಕೋನದಲ್ಲಿದೆ ಅನ್ನುವುದು ಹೆಡ್ ಆಂಗಲ್. ಡಿಗ್ರಿ ಕಡಿಮೆ ಇದ್ದಷ್ಟೂ ಫೋರ್ಕ್ ಮುಂದಕ್ಕೆ ಚಾಚಿರುತ್ತದೆ, ಮುಂದಿನ ಚಕ್ರ ನಿಮ್ಮಿಂದ ದೂರ ಇರುತ್ತದೆ, ಕಡಿದಾದಲ್ಲಿ ಹ್ಯಾಂಡಲ್ ಮೇಲಿಂದ ಹಾರಿ ಬೀಳುವ ಭಯ ಕಡಿಮೆ. ಅಂಗಡಿಗಳಲ್ಲಿ ಎಂಟಿಬಿ ಅಂತ ಮಾರುವ ಬಹಳಷ್ಟು ಸೈಕಲ್‌ಗಳಲ್ಲಿ ಇದು 69-71 ಇರುತ್ತದೆ. ಅದು ರಸ್ತೆಗೆ, ಹೊಲದ ದಾರಿಗೆ ಸರಿ. ಟ್ರೈಲ್ ಫ್ರೇಮ್‌ಗಳಲ್ಲಿ 65-66, ಎಂಡ್ಯೂರೋದಲ್ಲಿ 64ರ ಹತ್ತಿರ, ಡೌನ್‌ಹಿಲ್‌ನಲ್ಲಿ 63ರ ಆಸುಪಾಸು.

ಹಾರ್ಡ್‌ಟೇಲ್ ತಗೊಳ್ಳುವವರು ಇಲ್ಲಿ ಒಂದು ವಿಷಯ ಗಮನಿಸಬೇಕು, ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಫುಲ್ ಸಸ್ಪೆನ್ಶನ್ ಮೇಲೆ ಕೂತರೆ ಮುಂದೆ ಹಿಂದೆ ಎರಡೂ ಕುಗ್ಗುತ್ತವೆ, ಕೋನ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ಕುಗ್ಗುತ್ತದೆ. ಫೋರ್ಕ್ 20 ಮಿ.ಮೀ. ಕುಗ್ಗಿದರೆ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ ಅಂತ ಒಂದು ಅಂದಾಜು ಲೆಕ್ಕ. 140ರ ಫೋರ್ಕ್ ಬರೀ ನಿಮ್ಮ ಭಾರಕ್ಕೇ 20-28 ಮಿ.ಮೀ. ಕೆಳಗೆ ಹೋಗುತ್ತದೆ. ಅದರ ಜೊತೆಗೆ ಇಳುಕಿನಲ್ಲಿ ಮುಂದಿನ ಬ್ರೇಕ್ ಹಿಡಿದಿರಿ ಅನ್ನಿ, ಅರ್ಧ ಟ್ರಾವೆಲ್ ಮುಗಿದು 65 ಇದ್ದದ್ದು 68 ದಾಟಿರುತ್ತದೆ, ಅದೂ ನಿಮಗೆ ಓರೆ ಹೆಚ್ಚಾಗಿ ಬೇಕಾದ ಹೊತ್ತಿನಲ್ಲೇ. ಹಾಗಾಗಿ ಒರಟು ಇಳಿಜಾರಿಗೆ ಹಾರ್ಡ್‌ಟೇಲ್ ಆರಿಸುವಾಗ ಕಾಗದದ ಮೇಲೆ 64-65 ಇರುವುದನ್ನೇ ನೋಡಿ. ಇದೇ ಕಾರಣಕ್ಕೆ ಹಾರ್ಡ್‌ಟೇಲ್‌ಗೆ 160ರ ಫೋರ್ಕ್ ಹಾಕುವುದರಲ್ಲಿ ಅರ್ಥ ಇಲ್ಲ, ಕೋನ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. 120ರಿಂದ 140 ಸಾಕು.

ಅಂಗಡಿಯವರಿಗೆ ಡಿಗ್ರಿ ಗೊತ್ತಿಲ್ಲ ಅಂದರೆ ನೀವೇ ಅಳೆಯಿರಿ. ಮೊಬೈಲ್‌ನಲ್ಲಿ ಕೋನ ಅಳೆಯುವ ಆ್ಯಪ್ ಸಿಗುತ್ತದೆ. ಫೋರ್ಕ್‌ನ ಮೇಲಿನ ಹೊಳೆಯುವ ಕೊಳವೆ ಹೆಡ್ ಟ್ಯೂಬ್‌ಗೆ ಸಮಾನಾಂತರವಾಗಿರುತ್ತದೆ, ಮೊಬೈಲ್‌ನ ಅಂಚನ್ನು ಅದಕ್ಕೆ ಒರಗಿಸಿ ಹಿಡಿದರೆ ಅಂಕಿ ಬಂತು. ಅದಕ್ಕೂ ಮುಂಚೆ ಮೊಬೈಲ್ ಅನ್ನು ನೆಲದ ಮೇಲೆ ಸೈಕಲ್ ನಿಂತ ದಿಕ್ಕಿಗೇ ಇಟ್ಟು ನೋಡಿ. ನಮ್ಮ ಪರಸಿ ನೆಲಕ್ಕೆಲ್ಲ ನೀರು ಹರಿಯಲಿ ಅಂತ ಬಾಗಿಲ ಕಡೆಗೋ ಬಚ್ಚಲ ಕಡೆಗೋ ಓಟ ಕೊಟ್ಟಿರುತ್ತಾರೆ. ನೆಲವೇ ಒಂದು ಡಿಗ್ರಿ ವಾಲಿದ್ದರೆ ನಿಮ್ಮ ಲೆಕ್ಕವೂ ಒಂದು ಡಿಗ್ರಿ ತಪ್ಪು. ಎರಡೂ ಟೈರ್‌ನಲ್ಲಿ ಗಾಳಿ ಸರಿಯಾಗಿರಲಿ, ಸೈಕಲ್ ಮೇಲೆ ಯಾರೂ ಕೂತಿರಬಾರದು.

ಹೆಡ್ ಟ್ಯೂಬ್ ಮೇಲೆ ಕಿರಿದು, ಕೆಳಗೆ ಅಗಲ ಇದೆಯಾ ನೋಡಿ. ಅದು ಟೇಪರ್ಡ್. ಈಗಿನ ಒಳ್ಳೆಯ ಫೋರ್ಕ್‌ಗಳಲ್ಲಿ ಹೆಡ್ ಟ್ಯೂಬ್ ಒಳಗೆ ಕೂರುವ ಕಾಂಡ ಕೆಳಗೆ 1.5 ಇಂಚು ಇರುತ್ತದೆ, ಹಳೇ ನೇರ ಹೆಡ್ ಟ್ಯೂಬ್‌ಗೆ ಅದು ಹಿಡಿಸುವುದಿಲ್ಲ. ನೇರವಾಗಿ ಕಂಡರೂ ಒಳವ್ಯಾಸ 44 ಮಿ.ಮೀ. ಇದ್ದರೆ ಕೆಳಗೆ ಹೊರಗಿನ ಕಪ್ ಹಾಕಿ ಟೇಪರ್ಡ್ ಫೋರ್ಕ್ ಕೂರಿಸಬಹುದು. ಅದಕ್ಕಿಂತ ಸಣ್ಣದಾದರೆ ಆ ಫ್ರೇಮ್ ಬಿಟ್ಟುಬಿಡಿ. ಹಾಗೇ ಹಿಂದೆ ಕ್ವಿಕ್ ರಿಲೀಸ್ ಬೇಡ, 12 ಮಿ.ಮೀ. ಥ್ರೂ ಆಕ್ಸಲ್ ಇರಲಿ, ಅಗಲ 148 ಇದ್ದರೆ ಚಕ್ರ ಸುಲಭವಾಗಿ ಸಿಗುತ್ತದೆ. ಫ್ರೇಮ್ ಎಷ್ಟು ಮಿ.ಮೀ. ಫೋರ್ಕ್‌ವರೆಗೆ ತಡೆಯುತ್ತದೆ ಅಂತ ಕಂಪನಿ ಬರೆದಿರುತ್ತದೆ. ಅದನ್ನು ಮೀರಿ ಉದ್ದದ ಫೋರ್ಕ್ ಹಾಕಿದರೆ ಹೆಡ್ ಟ್ಯೂಬ್ ಹಿಂದಿನ ವೆಲ್ಡ್ ಮೇಲೆ ಎಳೆತ ಜಾಸ್ತಿಯಾಗುತ್ತದೆ, ವಾರಂಟಿಯೂ ಹೋಯಿತು.

ಅಲ್ಯೂಮಿನಿಯಂ, ಸ್ಟೀಲ್, ಕಾರ್ಬನ್

ಕಾರ್ಬನ್ ಹಗುರ, ಗಟ್ಟಿ, ರಿಪೇರಿಯೂ ಆಗುತ್ತದೆ, ಆದರೆ ಅದನ್ನು ಮಾಡುವವರು ಬೆಂಗಳೂರು, ಪುಣೆಯಂಥ ಊರುಗಳಲ್ಲಿ ಹುಡುಕಿದರೆ ಸಿಗಬೇಕು. ಶಹಾಪುರದ ಬಂಡೆಗೆ ಡೌನ್ ಟ್ಯೂಬ್ (ಹೆಡ್ ಟ್ಯೂಬ್‌ನಿಂದ ಪೆಡಲ್ ಕಡೆ ಇಳಿಯುವ ಕೊಳವೆ) ತಾಗಿ ಬಂದ ಟಕ್ ಅನ್ನುವ ಸದ್ದು ಕೇಳಿ ರಾತ್ರಿಯೆಲ್ಲ ಚಿಂತೆ ಮಾಡುವ ಬದಲು ಆ ದುಡ್ಡನ್ನು ಬ್ರೇಕಿಗೆ ಹಾಕಿ.

ಅಲ್ಯೂಮಿನಿಯಂ ಹೆಚ್ಚಿನವರ ಆಯ್ಕೆ, ಸರಿಯಾದ ಆಯ್ಕೆಯೂ ಹೌದು. 6061 ಅಂತ ಬರೆದಿರುವ ಫ್ರೇಮ್‌ಗಳನ್ನು ವೆಲ್ಡ್ ಮಾಡಿದ ಮೇಲೆ ಕಾಯಿಸಿ ಹದ ಮಾಡಿರುತ್ತಾರೆ, ಟಿ6 ಅನ್ನುವುದು ಆ ಹದದ ಗುರುತು. ಬಿರುಕು ಬಿಟ್ಟಾಗ ನಮ್ಮೂರ ವೆಲ್ಡಿಂಗ್ ಅಂಗಡಿಯವರು "ಕೊಡ್ರಿ, ಹಾಕಿ ಕೊಡ್ತೀನಿ" ಅನ್ನುತ್ತಾರೆ, ಅವರ ಕೈ ಕೆಲಸ ಚೆನ್ನಾಗಿಯೇ ಇರಬಹುದು. ಆದರೆ ಆ ಬಿಸಿಗೆ ಸುತ್ತಲಿನ ಹದ ಹೋಗಿರುತ್ತದೆ. ಮತ್ತೆ ಫರ್ನೇಸ್‌ನಲ್ಲಿಟ್ಟು ಹದ ಮಾಡದಿದ್ದರೆ ಅದೇ ಜಾಗದ ಪಕ್ಕ ಮತ್ತೆ ಬಿರಿಯುತ್ತದೆ. ಬಿರಿದ ಅಲ್ಯೂಮಿನಿಯಂ ಫ್ರೇಮ್ ಮೇಲೆ ಇಳಿಜಾರು ಇಳಿಯಬೇಡಿ, ಅದು ಗುಜರಿಗೆ.

ಸ್ಟೀಲ್ ಅಂದರೆ ಇಲ್ಲಿ ಕ್ರೋಮೋಲಿ, 4130. ಅಗ್ಗದ ಸೈಕಲ್‌ನ ಹೈ ಟೆನ್ಸೈಲ್ ಕಬ್ಬಿಣ ಅಲ್ಲ. ತೆಳು ಕೊಳವೆ, ಹಿಂದಿನ ತ್ರಿಕೋನ ಸ್ವಲ್ಪ ಬಾಗುತ್ತದೆ, ಬೀದರ್‌ನ ಆ ಕುಲುಕಾಟ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಆದರೆ ನಿಜ ಹೇಳಬೇಕಂದರೆ ಟೈರ್ ಗಾಳಿ ಎರಡು ಪಿಎಸ್‌ಐ ಇಳಿಸಿದರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಆಗುತ್ತದೆ. ಸ್ಟೀಲ್‌ನ ನಿಜವಾದ ಲಾಭ ಬೇರೆ ಇದೆ: ಬಿರುಕು ಬಿಟ್ಟರೂ ಒಮ್ಮೆಲೇ ಮುರಿಯುವುದು ಅಪರೂಪ, ಮೊದಲೇ ಸೂಚನೆ ಕೊಡುತ್ತದೆ, ಕೈ ಪಳಗಿದ ವೆಲ್ಡರ್ ಅದನ್ನು ಸರಿಮಾಡಬಲ್ಲ. ಅಲ್ಯೂಮಿನಿಯಂಗಿಂತ ಅರ್ಧ ಒಂದು ಕಿಲೋ ಭಾರ, ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು. ನಮ್ಮ ಒಣ ಹವೆಗೆ ಅದೇನು ದೊಡ್ಡ ಕೆಲಸ ಅಲ್ಲ.

ಎರೆ ಮಣ್ಣಿನ ಲೆಕ್ಕ

ಇದು ಹೊರಗಿನವರ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಆಳಂದ ಕಡೆಯಿಂದ ಬರುವಾಗ ಜೂನ್‌ನಲ್ಲಿ ಒಂದು ಮಳೆ ಬಿದ್ದರೆ ಸಾಕು, ಎರೆ ಹೊಲದ ದಾರಿಯಲ್ಲಿ ನೂರು ಮೀಟರ್‌ಗೆ ಚಕ್ರ ನಿಂತುಬಿಡುತ್ತದೆ. ಮಣ್ಣು ಟೈರ್‌ಗೆ ಸುತ್ತಿಕೊಂಡು ಚೈನ್‌ಸ್ಟೇ (ಹಿಂದಿನ ಚಕ್ರದ ಎರಡೂ ಬದಿಯ ಕೆಳಗಿನ ಕೊಳವೆಗಳು) ನಡುವೆ, ಬಾಟಮ್ ಬ್ರಾಕೆಟ್‌ನ (ಪೆಡಲ್ ಕೈಗಳ ಆಕ್ಸಲ್ ತಿರುಗುವ ಜಾಗ) ಹಿಂದಿನ ಸಂದಿಯಲ್ಲಿ ತುಂಬುತ್ತದೆ, ಅದರಲ್ಲಿ ಒಂದು ಕಲ್ಲು ಸಿಕ್ಕರೆ ಫ್ರೇಮ್‌ನ ಬಣ್ಣ, ಅದರ ಕೆಳಗಿನ ಲೋಹ ಎರಡನ್ನೂ ಅರೆಯುತ್ತದೆ. ಆದ್ದರಿಂದ 2.4 ಇಂಚಿನ ಟೈರ್ ಹಾಕಿದ ಮೇಲೂ ಎರಡೂ ಬದಿಗೆ ಒಂದೊಂದು ಬೆರಳು ತೂರುವಷ್ಟು ಜಾಗ ಇರುವ ಫ್ರೇಮ್ ನೋಡಿ. ಫುಲ್ ಸಸ್ಪೆನ್ಶನ್‌ನಲ್ಲಿ ಕೆಲವು ವಿನ್ಯಾಸಗಳಲ್ಲಿ ಶಾಕ್ ತೀರ ಕೆಳಗೆ, ಹಿಂದಿನ ಟೈರ್‌ನ ಎದುರಿಗೇ ಇರುತ್ತದೆ. ಮಣ್ಣೆಲ್ಲ ಅಲ್ಲಿಗೇ. ಅಂಥದ್ದು ಬೇಡ.

ಬಾಟಮ್ ಬ್ರಾಕೆಟ್ ತಿರುಪಿನದ್ದು ಇರಲಿ, ಒತ್ತಿ ಕೂರಿಸುವ ಪ್ರೆಸ್ ಫಿಟ್ ಬೇಡ. ಧೂಳಿಗೆ ಅದು ಕಿರುಗುಟ್ಟುತ್ತದೆ, ಬಿಚ್ಚುವ ಸಲಕರಣೆ ನಮ್ಮ ಕಡೆ ಸಿಗುವುದೂ ಕಷ್ಟ.

ಫುಲ್ ಸಸ್ಪೆನ್ಶನ್ ತಗೊಳ್ಳುವವರಿಗೆ

ಲಿಂಕೇಜ್ ಅಂದರೆ ಹಿಂದಿನ ಚಕ್ರವನ್ನು ಫ್ರೇಮ್‌ಗೆ ಸೇರಿಸುವ ಕೀಲುಗಳ ಜೋಡಣೆ, ಅದರ ಹೆಸರುಗಳಿಗೆ ಹೆದರಬೇಡಿ. ಸಿಂಗಲ್ ಪಿವಟ್ ಸರಳ, ಬೇರಿಂಗ್ ಕಡಿಮೆ, ಹಿಂದಿನ ಬ್ರೇಕ್ ಹಿಡಿದಾಗ ಸಸ್ಪೆನ್ಶನ್ ಸ್ವಲ್ಪ ಬಿಗಿದ ಹಾಗೆ ಅನ್ನಿಸಬಹುದು. ಹೋರ್ಸ್ಟ್ ಲಿಂಕ್‌ನಲ್ಲಿ ಹಿಂದಿನ ಆಕ್ಸಲ್‌ಗಿಂತ ಮುಂದೆ, ಚೈನ್‌ಸ್ಟೇ ಮೇಲೆ ಒಂದು ಪಿವಟ್ ಇರುತ್ತದೆ, ಬ್ರೇಕ್ ಹಿಡಿದಾಗಲೂ ಚಕ್ರ ಹೆಚ್ಚು ಸಲೀಸಾಗಿ ಮೇಲೆ ಕೆಳಗೆ ಆಡುತ್ತದೆ. ಎತ್ತರದ ಪಿವಟ್, ಚೈನ್‌ಗೆ ಒಂದು ಹೆಚ್ಚುವರಿ ಗಾಲಿ ಇರುವ ಹೊಸ ವಿನ್ಯಾಸಗಳಲ್ಲಿ ಚಕ್ರ ಮೇಲಕ್ಕೆ ಹೋಗುವಾಗ ಹಿಂದಕ್ಕೂ ಸರಿಯುತ್ತದೆ. ಪರಸಿ ಮೆಟ್ಟಿಲಿಗೆ ಹೇಳಿ ಮಾಡಿಸಿದ್ದು. ಆದರೆ ಆ ಗಾಲಿಯ ಸದ್ದು, ಸವೆತ, ಧೂಳು ಎಲ್ಲ ನಿಮ್ಮ ಪಾಲಿಗೆ. ನಮ್ಮ ಊರಿಗೆ ಸಿಂಗಲ್ ಪಿವಟ್ ಅಥವಾ ಹೋರ್ಸ್ಟ್ ಲಿಂಕ್ ಸಾಕು ಅಂತಲೇ ನನ್ನ ಮಾತು.

ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಪಿವಟ್‌ನಲ್ಲಿ ಯಾವ ಬೇರಿಂಗ್ ಅಂತ. 6902 ಥರದ ಸಾಮಾನ್ಯ ನಂಬರ್ ಇದ್ದರೆ ತರಿಸಿಕೊಳ್ಳುವುದು ಸುಲಭ. ಕಂಪನಿಯೇ ಮಾಡಿದ ವಿಚಿತ್ರ ಅಳತೆ ಇದ್ದರೆ ಪಾರ್ಸಲ್ ಬರುವವರೆಗೆ ಸೈಕಲ್ ಗೋಡೆಗೆ ಒರಗಿರುತ್ತದೆ.

ಗಾಳಿ ತುಂಬುವ ಶಾಕ್ ಇದ್ದರೆ ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 180 ಪಿಎಸ್‌ಐ ಹಾಕಿದ್ದು, ಏಪ್ರಿಲ್ ಮಧ್ಯಾಹ್ನ 42 ಡಿಗ್ರಿಗೆ ಸುಮಾರು 10 ಪಿಎಸ್‌ಐ ಏರಿರುತ್ತದೆ. ಅಷ್ಟಕ್ಕೇ ಸೈಕಲ್ ಪುಟಿಯತೊಡಗುತ್ತದೆ. ಬೇಸಿಗೆಯಲ್ಲಿ ಇಳಿಜಾರಿನ ಬುಡದಲ್ಲಿ, ನೆರಳಲ್ಲಿ ನಿಂತು ಮತ್ತೊಮ್ಮೆ ಸ್ಯಾಗ್ (ಬರೀ ನಿಮ್ಮ ಭಾರಕ್ಕೆ ಎಷ್ಟು ಕುಗ್ಗುತ್ತದೆ ಅಂತ) ನೋಡಿ. ಒಟ್ಟು ಟ್ರಾವೆಲ್‌ನ 25ರಿಂದ 30 ಶೇಕಡಾ ಕುಗ್ಗಬೇಕು.

ಸೈಜ್

ಸೀಟ್ ಟ್ಯೂಬ್‌ನ ಇಂಚು ನೋಡಿ ಸೈಜ್ ಆರಿಸುವ ಕಾಲ ಹೋಯಿತು. ನೋಡಬೇಕಾದದ್ದು ರೀಚ್: ಬಾಟಮ್ ಬ್ರಾಕೆಟ್‌ನ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದರೆ, ಅಲ್ಲಿಂದ ಹೆಡ್ ಟ್ಯೂಬ್‌ನ ತುದಿಯ ನಡುವಿನವರೆಗೆ ಅಡ್ಡ ಅಳತೆ. ಗೌಂಡಿಗಳು ಗೋಡೆ ನೋಡುವ ತೂಗುಗುಂಡು ಇದ್ದರೆ ಮನೆಯಲ್ಲೇ ಅಳೆಯಬಹುದು. 165 ಸೆಂ.ಮೀ. ಎತ್ತರದವರಿಗೆ 430-445 ಮಿ.ಮೀ., 175ಕ್ಕೆ 455-475, ಅಷ್ಟರಲ್ಲಿ ನೋಡಿ. ಎರಡು ಸೈಜ್ ನಡುವೆ ಸಿಕ್ಕಿಕೊಂಡರೆ ಯಾದಗಿರಿಯವರು ಚಿಕ್ಕದು ತಗೊಳ್ಳಿ, ಬಂಡೆಗಳ ನಡುವೆ ತಿರುಗಿಸಲು ಸುಲಭ. ಬೀದರ್‌ನವರು ದೊಡ್ಡದು. ಸೀಟ್ ಟ್ಯೂಬ್ ನೇರವಾಗಿ, ಅಡ್ಡಿಯಿಲ್ಲದೆ ಕೆಳಗಿನವರೆಗೆ ಇರಲಿ, ಡ್ರಾಪರ್ ಪೋಸ್ಟ್ (ಸವಾರಿ ನಡುವೆಯೇ ಸೀಟು ಇಳಿಸುವ ಕೊಳವೆ) ಹಾಕಲು ಆಗಬೇಕಲ್ವಾ.

ಫ್ರೇಮ್ ಮೇಲೋ ಕೈಪಿಡಿಯಲ್ಲೋ ಬಳಕೆಯ ವರ್ಗ ಅಂತ ಒಂದು ಅಂಕಿ ಇರುತ್ತದೆ, 1ರಿಂದ 5. 3 ಅಂದರೆ ಸುಮಾರು 60 ಸೆಂ.ಮೀ. ಎತ್ತರದ ಜಿಗಿತದವರೆಗೆ, 4 ಅಂದರೆ 120ರವರೆಗೆ. ಒರಟು ಇಳಿಜಾರಿಗೆ 4 ಇರಲಿ. ಕೈಪಿಡಿಯಲ್ಲಿ ಜಿಗಿಯಬೇಡಿ ಅಂತಲೇ ಬರೆದಿದ್ದರೆ ಅದನ್ನು ನಂಬಿ.

ಸೆಕೆಂಡ್ ಹ್ಯಾಂಡ್ ಫ್ರೇಮ್

ಹೈದರಾಬಾದ್ ಹತ್ತಿರ ಇರುವುದರಿಂದ ನಮ್ಮವರು ಬಹಳಷ್ಟು ಅಲ್ಲಿಂದಲೇ ಹಳೇದು ತರುತ್ತಾರೆ. ಒಳ್ಳೆಯದೇ. ಆದರೆ ಸಂಜೆ ಹೊತ್ತು ಪಾರ್ಕಿಂಗ್‌ನ ಮಬ್ಬು ಬೆಳಕಲ್ಲಿ ನೋಡಿ ದುಡ್ಡು ಕೊಡಬೇಡಿ. ಒದ್ದೆ ಬಟ್ಟೆಯಿಂದ ಧೂಳು ಒರೆಸಿ. ಹೆಡ್ ಟ್ಯೂಬ್‌ಗೆ ಡೌನ್ ಟ್ಯೂಬ್ ಸೇರುವ ಜಾಗದ ಕೆಳಭಾಗಕ್ಕೆ ಟಾರ್ಚ್ ಅಡ್ಡಡ್ಡ ಹಿಡಿದು ನೋಡಿ. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಬಿರುಕು ಇದ್ದರೆ ವೆಲ್ಡ್‌ನ ಅಂಚಿಗೆ ಅಂಟಿಕೊಂಡು ಕೂದಲೆಳೆಯಂತೆ ಓಡಿರುತ್ತದೆ, ಅದರೊಳಗೆ ಧೂಳು ಕೂತು ಕಪ್ಪು ಗೆರೆಯಾಗಿರುತ್ತದೆ. ಬರೀ ಬಣ್ಣದ ಗೀರಾ ಅಂತ ಅನುಮಾನ ಬಂದರೆ ಉಗುರು ಅಡ್ಡ ಎಳೆಯಿರಿ, ಬಿರುಕಾದರೆ ಸಾಮಾನ್ಯವಾಗಿ ಉಗುರು ತಡೆಯುತ್ತದೆ. ಅಲ್ಲಿ ಸ್ಟಿಕ್ಕರ್ ಅಂಟಿಸಿದ್ದರೆ ತೆಗೆದು ತೋರಿಸಿ ಅನ್ನಿ. ಒಪ್ಪದಿದ್ದರೆ ಚಹಾ ಕುಡಿದು ಬನ್ನಿ.

ಆಮೇಲೆ ಡೌನ್ ಟ್ಯೂಬ್ ಕೆಳಗೆ ಕೈ ಆಡಿಸಿ, ನೆಗ್ಗು ಕಣ್ಣಿಗಿಂತ ಕೈಗೆ ಬೇಗ ಸಿಗುತ್ತದೆ. ಫುಲ್ ಸಸ್ಪೆನ್ಶನ್ ಆದರೆ ಸೀಟು ಹಿಡಿದು ಹಿಂದಿನ ಚಕ್ರ ನೆಲದಿಂದ ಸ್ವಲ್ಪವೇ ಎತ್ತಿ, ಇನ್ನೊಂದು ಕೈ ಬೆರಳನ್ನು ಒಂದೊಂದು ಪಿವಟ್ ಮೇಲೂ ಇಟ್ಟು ನೋಡಿ. ಟಕ್ ಅಂತ ಆಡಿದರೆ ಬೇರಿಂಗ್ ಖರ್ಚು ಬೆಲೆಯಿಂದ ಕಳೆಯಿರಿ. ಕೊನೆಗೆ ಹಿಂದಿನಿಂದ ಕೂತು ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) ನೋಡಿ. ಅದು ಒಳಗೆ ವಾಲಿದ್ದರೆ ಅದನ್ನು ಫ್ರೇಮ್‌ಗೆ ಹಿಡಿದಿಡುವ ಹ್ಯಾಂಗರ್ ಬಾಗಿದೆ. ಹ್ಯಾಂಗರ್‌ನ ಮಾಡೆಲ್ ಕೇಳಿ ಬರೆದುಕೊಳ್ಳಿ, ಯುಡಿಎಚ್ (ಯೂನಿವರ್ಸಲ್ ಡಿರೇಲರ್ ಹ್ಯಾಂಗರ್) ಆದರೆ ಎಲ್ಲ ಕಡೆ ಒಂದೇ. ಬೇರೆಯಾದರೆ ಫ್ರೇಮ್ ಮನೆಗೆ ಬರುವ ಮೊದಲೇ ಎರಡು ತರಿಸಿ ಇಟ್ಟುಕೊಳ್ಳಿ, ಕಲಬುರಗಿಯಲ್ಲಿ ಭಾನುವಾರ ಬೆಳಿಗ್ಗೆ ಅದು ಮುರಿದರೆ ಎಲ್ಲಿ ಹುಡುಕುತ್ತೀರಿ.